ಭೀಮೇಶ್ ಸಾರ್ ಕೂರಿಸಿದ ರೀಡಿಂಗುಗಳು

ಬನಶಂಕರಿಯಿಂದ ಕನಕಪುರ ರಸ್ತೆಯ ಕಡೆ ಹೋಗುವಾಗ ಸಿಗುವ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದು ಅಂದುಕೊಳ್ಳಿ. ಹೆಸರು ಬೇಡ. ಹೇಳಿದರೆ ಅವರು ಇದನ್ನೂ ಜಾಹೀರಾತು ಮಾಡಿಕೊಂಡುಬಿಡುತ್ತಾರೆ. ಅದರ ಎರಡನೇ ಮಹಡಿಯ ಮೆಷರ್‌ಮೆಂಟ್ ಲ್ಯಾಬಿನಲ್ಲಿ ಭೀಮೇಶ್ ಇಪ್ಪತ್ತಮೂರು ವರ್ಷದಿಂದ ಇನ್‌ಸ್ಟ್ರಕ್ಟರ್. ಕಾಯಂ ಅಲ್ಲ, ತಾತ್ಕಾಲಿಕ. ಪ್ರತಿವರ್ಷ ಜೂನ್ ಮೂವತ್ತಕ್ಕೆ ಅವರನ್ನು ಕೆಲಸದಿಂದ ಬಿಡಿಸಿ, ಜುಲೈ ಎರಡಕ್ಕೆ ಮತ್ತೆ ಸೇರಿಸಿಕೊಳ್ಳುತ್ತಾರೆ. ನಡುವಿನ ಒಂದು ದಿನ ಭೀಮೇಶ್ ನಿರುದ್ಯೋಗಿ. ಆ ದಿನ ಅವರು ಯಡಿಯೂರು ಕೆರೆಗೆ ಎರಡು ಸುತ್ತು ಹಾಕಿ, ಮಧ್ಯಾಹ್ನ ಮುದ್ದೆ ಉಂಡು ಮಲಗುತ್ತಾರೆ. ಕಾನೂನಿಗೆ ಇಷ್ಟು ನಿಷ್ಠೆಯಿಂದ ಗೌರವ ಕೊಟ್ಟ ಮನುಷ್ಯ ದಕ್ಷಿಣ ಬೆಂಗಳೂರಿನಲ್ಲಿ ಇನ್ನೊಬ್ಬ ಸಿಗಲಾರ.

ಅವರಲ್ಲಿ ಒಂದು ವಿದ್ಯೆಯಿತ್ತು. ಅದಕ್ಕೆ ಲ್ಯಾಬಿನಲ್ಲಿ ‘ರೀಡಿಂಗ್ ಕೂರಿಸೋದು’ ಅನ್ನುತ್ತಿದ್ದರು. ಲ್ಯಾಬಿನ ಮೀಟರುಗಳೆಲ್ಲ ಕಾಲೇಜು ಶುರುವಾದಾಗ ತಂದವು. ಒಂದು ವೋಲ್ಟ್‌ಮೀಟರ್ ಏನು ಕೊಟ್ಟರೂ ಏಳೂವರೆಯ ಮೇಲೆ ಏಳುವುದಿಲ್ಲ ಎಂದು ಹಟ ಹಿಡಿದು ಹತ್ತು ವರ್ಷವಾಗಿತ್ತು. ರಿಪೇರಿಯ ಫೈಲು ಆಫೀಸಿನಲ್ಲಿ ಸುಖವಾಗಿತ್ತು. ಆದರೆ ಪರೀಕ್ಷೆಗೆ ಹೊರಗಿನಿಂದ ಬರುವ ಎಕ್ಸಾಮಿನರಿಗೆ ಇದೆಲ್ಲ ಯಾಕೆ? ಮ್ಯಾನ್ಯುಯಲ್‌ನಲ್ಲಿ ಏನಿದೆಯೋ ಅದೇ ರೆಕಾರ್ಡ್ ಪುಸ್ತಕದಲ್ಲೂ ಬರಬೇಕು. ಹೀಗಾಗಿ ಹುಡುಗರು ಮುಖ ಸಣ್ಣ ಮಾಡಿಕೊಂಡು ಬಂದರೆ ಭೀಮೇಶ್ ಕನ್ನಡಕ ಏರಿಸಿ ಪುಸ್ತಕ ನೋಡಿ, “ರೀಡಿಂಗ್ ಸರಿ ಬಂದಿಲ್ಲ ಕಣಪ್ಪ, ಕೂರಿಸ್ಕೊಂಡು ಬಾ,” ಅನ್ನುತ್ತಿದ್ದರು. ಹೇಗೆ ಕೂರಿಸಬೇಕು ಎಂದೂ ಅವರೇ ಹೇಳಿಕೊಡುತ್ತಿದ್ದರು.

“ಎಲ್ಲಾ ಒಂದೇ ಥರ ಬರೀಬೇಡ, ಅನುಮಾನ ಬರುತ್ತೆ. ಒಂದೊಂದ್ ಪಾಯಿಂಟ್ ಆಚೆ ಈಚೆ ಮಾಡು. ಐದನೇದು ಸ್ವಲ್ಪ ಜಾಸ್ತಿನೇ ತಪ್ಪಲಿ. ನ್ಯಾಚುರಲ್ ಆಗಿರುತ್ತೆ.”

ಆಮೇಲೆ ಕೆಂಪು ಇಂಕಿನಲ್ಲಿ ಸಹಿ. ಇದರಲ್ಲಿ ಮೋಸವಿದೆ ಎಂದು ಅವರಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಪಾಪದ ಮಕ್ಕಳು, ಮೀಟರು ಕೆಟ್ಟಿದ್ದರೆ ಅವರೇನು ಮಾಡಿಯಾರು ಎಂಬುದೊಂದೇ ಅವರ ಯೋಚನೆ. ಅವರ ಕೈಕೆಳಗೆ ಕಲಿತ ಸಾವಿರಾರು ಮಂದಿ ಇವತ್ತು ದೊಡ್ಡ ದೊಡ್ಡ ಕಂಪನಿಗಳಲ್ಲಿದ್ದಾರೆ. ಮದುವೆಗೆ ಕರೆಯುತ್ತಾರೆ, ಸಿಕ್ಕಲ್ಲಿ ನಿಂತು ಮಾತಾಡಿಸುತ್ತಾರೆ. ಪ್ರೊಫೆಸರುಗಳನ್ನು ಮರೆತವರೂ ಭೀಮೇಶ್ ಸಾರ್‌ನ ಮರೆತಿಲ್ಲ.

ಇಂಥ ಕಾಲೇಜಿಗೆ ಒಂದು ಆಗಸ್ಟ್‌ನಲ್ಲಿ ಉದ್ಯಮ ಕಾಲಿಟ್ಟಿತು. ಗೊಟ್ಟಿಗೆರೆ ದಾಟಿದ ಮೇಲೆ ಇರುವ, ಎಲೆಕ್ಟ್ರಾನಿಕ್ ಬೋರ್ಡು ಮಾಡುವ ಒಂದು ಕಂಪನಿಯ ಜೊತೆ ಒಡಂಬಡಿಕೆಯಾಯಿತು. ಓದುತ್ತಿರುವಾಗಲೇ ಮಕ್ಕಳಿಗೆ ಕೆಲಸಕ್ಕೆ ಬೇಕಾದ ವಿದ್ಯೆ ಕಲಿಸುವುದು, ಕಂಪನಿಯ ನಿಜವಾದ ಕೆಲಸವನ್ನೇ ಲ್ಯಾಬಿನಲ್ಲಿ ಮಾಡಿಸುವುದು, ಕೊನೆಗೆ ಇಪ್ಪತ್ತು ಮಂದಿಗೆ ಕೆಲಸ. ಪ್ರಿನ್ಸಿಪಾಲ್ ಡಾಕ್ಟರ್ ತಿರುಮಲೇಶ ಭಾಷಣದಲ್ಲಿ, ಇನ್ನು ಕ್ಯಾಂಪಸ್ಸೇ ಇಂಡಸ್ಟ್ರಿ, ಇಂಡಸ್ಟ್ರಿಯೇ ಕ್ಯಾಂಪಸ್ಸು ಎಂದರು. ಹಾಗೆಂದರೇನು ಎಂದು ಯಾರೂ ಕೇಳಲಿಲ್ಲ, ಚಪ್ಪಾಳೆ ಚೆನ್ನಾಗಿ ಬಿತ್ತು. ಕಂಪನಿಯ ಕಡೆಯಿಂದ ಬಂದಿದ್ದವನು ಸುಶ್ರುತ. ಜಯನಗರದ ಹುಡುಗ, ಇದೇ ಕಾಲೇಜಿನ ಹಳೆಯ ವಿದ್ಯಾರ್ಥಿ, ಈಗ ಕಾಲೇಜುಗಳ ಜೊತೆ ಸಂಬಂಧ ಬೆಳೆಸುವ ಮ್ಯಾನೇಜರ್. ರಿಬ್ಬನ್ ಕತ್ತರಿಸುವ ಕತ್ತರಿಯ ತಟ್ಟೆ ಹಿಡಿದು ನಿಂತಿದ್ದ ಭೀಮೇಶ್ ಅವರನ್ನು ಅವನೇ ಎಳೆದು ಫೋಟೋಗೆ ನಿಲ್ಲಿಸಿಕೊಂಡ. ಪತ್ರಿಕೆಯಲ್ಲಿ ಬಂದಾಗ ಭೀಮೇಶ್ ಅವರ ಭುಜ ಮಾತ್ರ ಇತ್ತು.

ಕಂಪನಿಗೆ ಬೋರ್ಡು ಪರೀಕ್ಷಿಸುವವರ ಸಂಬಳ ಉಳಿಯಿತು, ಕಾಲೇಜಿಗೆ ಫೋಟೋ ಸಿಕ್ಕಿತು, ಲ್ಯಾಬಿಗೆ ಗಾಜಿನ ಬಾಗಿಲೂ ಎಸಿಯೂ ಬಂದವು. ಭೀಮೇಶ್‌ಗೂ ಒಂದು ಸಿಗುವುದರಲ್ಲಿತ್ತು. ಉದ್ಘಾಟನೆಯ ದಿನ ಸಂಜೆ ತಿರುಮಲೇಶ ಅವರನ್ನು ಚೇಂಬರಿಗೆ ಕರೆದು ಒಂದು ಹಾಳೆ ತೋರಿಸಿದರು. ‘ಸ್ಕಿಲ್ ಇನ್‌ಸ್ಟ್ರಕ್ಟರ್, ಕಾಯಂ’ ಎಂದು ಟೈಪಾಗಿತ್ತು.

“ಕಂಪನಿಯೋರು ತೃಪ್ತಿ ಇದೆ ಅಂತ ಒಂದು ಲೆಟರ್ ಕೊಡ್ಲಿ ಭೀಮೇಶ್, ಅವತ್ತೇ ಸೈನ್ ಹಾಕ್ತೀನಿ. ಮೊದಲನೇ ಬ್ಯಾಚ್ ನಿಮ್ಮ ಕೈಲಿದೆ.”

ಭೀಮೇಶ್ ಆ ಹಾಳೆಯನ್ನು ಮುಟ್ಟಲಿಲ್ಲ. ಮುಟ್ಟಿದರೆ ಎಲ್ಲಿ ಅಳಿಸಿಹೋಗುತ್ತದೋ ಎಂಬ ಭಯ. ಮನೆಗೆ ಬಂದು ಹೆಂಡತಿ ಇಂದ್ರಾಣಿಗೆ ಹೇಳಿದರು. ಆಕೆ ಮನೆಯ ಹತ್ತಿರದ ಒಂದು ಆರೋಗ್ಯ ಕೇಂದ್ರದಲ್ಲಿ ನರ್ಸು, ಮಾತು ಕಡಿಮೆ. ಆದರೆ ಆವತ್ತು ಮಾತ್ರ ತಮ್ಮನಿಗೆ, ಅತ್ತಿಗೆಗೆ, ತಿಲಕ್ ನಗರದ ಚಿಕ್ಕಮ್ಮನಿಗೆ, ಎಲ್ಲರಿಗೂ ಫೋನು ಮಾಡಿ ಮುಗಿಸುವಷ್ಟರಲ್ಲಿ ಕುಕ್ಕರು ಸೀದುಹೋಗಿತ್ತು.

ಕೆಲಸ ಶುರುವಾಯಿತು. ಆರುನೂರು ಬೋರ್ಡು, ನಲವತ್ತು ವಿದ್ಯಾರ್ಥಿಗಳು, ತಲೆಗೆ ಹದಿನೈದು. ಬೋರ್ಡೆಂದರೆ ಅಂಗೈಯಷ್ಟು ಅಗಲದ್ದು. ಅದಕ್ಕೊಂದು ವೈರು, ವೈರಿನ ತುದಿಯ ಸೆನ್ಸರಿಗೆ ಎಷ್ಟು ತಂಪು ತಗಲುತ್ತದೋ ಅಷ್ಟನ್ನು ಬೋರ್ಡಿನ ಮೇಲೆ ತೋರಿಸಬೇಕು. ಕಂಪನಿಯವರು ಮೂರು ನೀರಿನ ತೊಟ್ಟಿ ಕೊಟ್ಟಿದ್ದರು. ಒಂದು ಎರಡು ಡಿಗ್ರಿ, ಒಂದು ಐದು, ಒಂದು ಎಂಟು. ಪ್ರತಿ ತೊಟ್ಟಿಯಲ್ಲೂ ಸೆನ್ಸರ್ ಇಳಿಬಿಟ್ಟು ಇಪ್ಪತ್ತು ನಿಮಿಷ ಕಾಯಬೇಕು, ಬೋರ್ಡು ತೋರಿಸಿದ್ದನ್ನು ಹಾಳೆಯಲ್ಲಿ ಬರೆಯಬೇಕು. ಅರ್ಧ ಡಿಗ್ರಿಗಿಂತ ಹೆಚ್ಚು ತಪ್ಪಿದರೆ ಆ ಬೋರ್ಡು ಫೇಲು. ಹಾಳೆಯ ಕೆಳಗೆ ಇನ್‌ಸ್ಟ್ರಕ್ಟರ್ ಸಹಿ. ಸಹಿಯಿಲ್ಲದೆ ಬೋರ್ಡು ಕಾಲೇಜಿನಿಂದ ಹೊರಡುವಂತಿಲ್ಲ.

ಮೊದಲ ಎರಡು ದಿನ ಎಲ್ಲರೂ ಕಾದರು. ಮೂರನೆಯ ದಿನ ಒಬ್ಬ ಬಂದು, “ಸಾರ್, ಎಂಟಕ್ಕೆ ಆರೂಕಾಲು ತೋರಿಸ್ತಿದೆ,” ಅಂದ. ಭೀಮೇಶ್ ಕನ್ನಡಕ ಏರಿಸಿ ಹಾಳೆ ನೋಡಿದರು. ಇಪ್ಪತ್ತಮೂರು ವರ್ಷ ಬಾಯಲ್ಲಿದ್ದ ಮಾತು ತಾನೇ ಬಂದುಬಿಟ್ಟಿತು.

“ರೀಡಿಂಗ್ ಸರಿ ಬಂದಿಲ್ಲ ಕಣಪ್ಪ. ಎಂಟರ ಹತ್ರ ಕೂರಿಸು.”

ನೋಡಿ, ಇಲ್ಲೇ ಆದದ್ದು ಅನಾಹುತ. ಲ್ಯಾಬಿನಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ತಪ್ಪು ಯಾವಾಗಲೂ ಹುಡುಗರದೋ ಮೀಟರಿನದೋ ಆಗಿರುತ್ತದೆ ಎಂಬುದು ಅವರಿಗೆ ರಕ್ತಗತವಾಗಿತ್ತು. ತಪ್ಪಿರುವ ಬೋರ್ಡನ್ನು ಹುಡುಕುವುದೇ ಇಲ್ಲಿಯ ಕೆಲಸ, ಉತ್ತರ ಯಾರಿಗೂ ಗೊತ್ತಿಲ್ಲ ಎಂಬುದು ಆ ಕ್ಷಣದಲ್ಲಿ ಹೊಳೆಯಲೇ ಇಲ್ಲ. ಹುಡುಗರಿಗೆ ಇಷ್ಟು ಸಾಕಾಯಿತು. ಎಂಟಿರುವ ಕಡೆ ಏಳು ಪಾಯಿಂಟ್ ಒಂಬತ್ತು, ಎಂಟು ಪಾಯಿಂಟ್ ಒಂದು, ನಡುನಡುವೆ ನ್ಯಾಚುರಲ್ ಆಗಿ ಏಳು ಪಾಯಿಂಟ್ ಏಳು. ಹದಿನೈದು ದಿನದ ಕೆಲಸ ಆರು ದಿನಕ್ಕೆ ಮುಗಿಯಿತು.

ಮುಗಿಸದೆ ಉಳಿದವಳು ವಿಭಾ ಒಬ್ಬಳೇ. ಜೆ.ಪಿ. ನಗರದಿಂದ ಸ್ಕೂಟರಿನಲ್ಲಿ ಬರುವ, ಸಾವಧಾನದ ಹುಡುಗಿ. ಮೊಬೈಲಿನಲ್ಲಿ ಇಪ್ಪತ್ತು ನಿಮಿಷದ ಅಲಾರಂ ಇಟ್ಟುಕೊಂಡು ತೊಟ್ಟಿಯ ಮುಂದೆ ಸ್ಟೂಲು ಹಾಕಿ ಕೂರುತ್ತಿದ್ದಳು. ಅವಳ ಹದಿನೈದರಲ್ಲಿ ಎರಡು ಬೋರ್ಡು ಎಂಟಕ್ಕೆ ಆರು ತೋರಿಸಿದವು. ಅವಳು ಹಾಗೇ ಬರೆದಳು. ಭೀಮೇಶ್‌ಗೆ ಅಯ್ಯೋ ಪಾಪ ಅನ್ನಿಸಿತು. ಅವಳು ಕ್ಯಾಂಟೀನಿಗೆ ಹೋದಾಗ ತಾವೇ ಆ ಎರಡು ಅಂಕಿ ತಿದ್ದಿ, ದುಂಡಗೆ ಬರೆದು ಸಹಿ ಹಾಕಿದರು. ಉಪಕಾರ ಮಾಡಿದೆ ಎಂದುಕೊಂಡು ಆವತ್ತು ಖುಷಿಯಾಗಿ ಮನೆಗೆ ಹೋದರು.

ಬೋರ್ಡುಗಳು ಮುಗಿದ ಸಂತೋಷಕ್ಕೆ ಗುರುವಾರ ಕಾರ್ಯಕ್ರಮ. ಕೇಸರಿಬಾತು, ಖಾರಾಬಾತು. ಆರುನೂರರಲ್ಲಿ ಒಂದೂ ಫೇಲಿಲ್ಲ ಎಂದು ತಿರುಮಲೇಶ ಮೈಕಿನಲ್ಲಿ ಹೇಳಿದರು. ಕಂಪನಿಯ ಕಾರ್ಖಾನೆಯಲ್ಲೇ ನೂರಕ್ಕೆ ಐದು ಫೇಲಾಗುತ್ತವಂತೆ, ನಮ್ಮ ಮಕ್ಕಳ ಕೈಗುಣ ನೋಡಿ ಎಂದರು. ಮಕ್ಕಳ ಕೈಗುಣಕ್ಕೆ ಬೋರ್ಡುಗಳು ಹೇಗೆ ಸರಿಯಾಗುತ್ತವೆ ಎಂದು ಅಲ್ಲಿದ್ದ ಏಳು ಮಂದಿ ಡಾಕ್ಟರೇಟುಗಳಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಕೆಲಸಕ್ಕೆ ಆಯ್ಕೆಯಾದ ಇಪ್ಪತ್ತು ಮಂದಿಯ ಪಟ್ಟಿ ಓದಿದರು. ವಿಭಾ ಹೆಸರಿರಲಿಲ್ಲ. ವೇಗ ಸಾಲದು ಎಂದು ಕಾರಣ.

ಶುಕ್ರವಾರ ಅವಳು ಲ್ಯಾಬಿಗೆ ಬಂದಳು. ಅಳುತ್ತಾಳೇನೋ ಎಂದು ಭೀಮೇಶ್ ನೀರಿನ ಬಾಟಲಿ ಹತ್ತಿರ ಇಟ್ಟುಕೊಂಡರು. ಅವಳು ಅಳಲಿಲ್ಲ.

“ಸಾರ್, ನನ್ನ ಶೀಟಲ್ಲಿ ಎರಡು ರೀಡಿಂಗ್ ಚೇಂಜ್ ಆಗಿದೆ.”

“ನಾನೇ ಮಾಡ್ದೆ ಕಣಮ್ಮ. ನಿಂಗೆ ತೊಂದರೆ ಆಗ್ಬಾರ್ದು ಅಂತ.”

“ಅವೆರಡು ನಿಜವಾಗ್ಲೂ ತಪ್ಪು ತೋರಿಸ್ತಿದ್ವು ಸಾರ್. ನಾಲ್ಕು ಸಲ ನೋಡ್ದೆ. ಈ ಬೋರ್ಡ್ ಎಲ್ಲಿಗೆ ಹೋಗುತ್ತೆ?”

ಭೀಮೇಶ್‌ಗೆ ಗೊತ್ತಿರಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಅವರ ಲ್ಯಾಬಿನಿಂದ ಯಾವುದೂ ಎಲ್ಲಿಗೂ ಹೋಗಿರಲಿಲ್ಲ. ಸುಶ್ರುತನಿಗೆ ಫೋನು ಮಾಡಿದರು. ಮಕ್ಕಳಿಗೆ ಹಾಕುವ ಲಸಿಕೆ ಇಡುತ್ತಾರಲ್ಲ, ಆ ಫ್ರಿಜ್‌ಗಳಿಗೆ ಎಂದು ಅವನು ಹೇಳಿದ. ಒಳಗೆ ಎಂಟು ಡಿಗ್ರಿ ದಾಟಿದರೆ ಬೋರ್ಡು ಕೂಗಿಕೊಳ್ಳಬೇಕು.

ಆವತ್ತು ಸಂಜೆ ಇಂದ್ರಾಣಿ ಅಲಸಂದೆಕಾಯಿ ಬಿಡಿಸುತ್ತಿದ್ದಳು. ಭೀಮೇಶ್ ಎದುರು ಕೂತು ತಾವೂ ನಾಲ್ಕು ಕಾಯಿ ಕೈಗೆ ತೆಗೆದುಕೊಂಡು, ಏನೂ ಇಲ್ಲದವರಂತೆ ಕೇಳಿದರು.

“ನಿಮ್ಮ ಸೆಂಟರಿನ ಫ್ರಿಜ್‌ನಲ್ಲಿ ಹತ್ತು ಡಿಗ್ರಿ ಇದ್ದು, ಮೀಟರು ಎಂಟು ಅಂತ ತೋರಿಸಿದ್ರೆ ಏನಾಗುತ್ತೆ?”

“ಏನಾಗುತ್ತೆ ಅಂದ್ರೆ? ಹಾಗೇ ದಿನಗಟ್ಟಲೆ ಇದ್ರೆ ಲಸಿಕೆ ಕೆಡುತ್ತೆ ರೀ. ನೋಡೋಕೆ ಚೆನ್ನಾಗೇ ಇರುತ್ತೆ. ಮಗೂಗೆ ನೀರು ಚುಚ್ಚಿದ ಹಾಗೆ.”

ಭೀಮೇಶ್ ಕೈಯಲ್ಲಿದ್ದ ಕಾಯಿ ಬಿಡಿಸದೆ ಹಾಗೇ ಪಾತ್ರೆಗೆ ಹಾಕಿದರು. ಅವರಿಗೆ ಹೆದರಿಕೆಯಾಗಿತ್ತು. ಸುಳ್ಳು ಬರೆದೆ ಎಂಬುದಕ್ಕಿಂತ, ಸುಳ್ಳು ಎಂದು ಗೊತ್ತೇ ಆಗದಷ್ಟು ಸಲೀಸಾಗಿ ಬರೆದೆನಲ್ಲ ಎಂಬುದಕ್ಕೆ. ಊಟ ಸೇರಲಿಲ್ಲ.

ಶನಿವಾರ ಎಂಟಕ್ಕೇ ಹೋಗಿ ಲ್ಯಾಬು ತೆಗೆದರು. ವಿಭಾಳನ್ನೂ ಕರೆಸಿದ್ದರು. ಪ್ಯಾಕಾಗಿದ್ದ ಡಬ್ಬಗಳಿಂದ ಸಿಕ್ಕಿದ ಇಪ್ಪತ್ತು ಬೋರ್ಡು ತೆಗೆದು, ಎಂಟರ ತೊಟ್ಟಿಯಲ್ಲಿ ಇಳಿಬಿಟ್ಟು, ಇಬ್ಬರೂ ಸ್ಟೂಲು ಹಾಕಿಕೊಂಡು ಕಾದರು. ಮೂರು ಬೋರ್ಡು ಆರೂ ಚಿಲ್ಲರೆಗೆ ನಿಂತವು. ಭೀಮೇಶ್ ತೊಟ್ಟಿಯ ಥರ್ಮಾಮೀಟರನ್ನು ಒರೆಸಿ ಮತ್ತೆ ನೋಡಿದರು. ಅದು ಎಂಟೇ ಇತ್ತು.

ಹನ್ನೊಂದಕ್ಕೆ ಕಂಪನಿಯ ವ್ಯಾನು ಬಂತು, ಜೊತೆಗೆ ಸುಶ್ರುತನೂ ಬಂದ. ಭೀಮೇಶ್ ಎಲ್ಲವನ್ನೂ ಹೇಳಿದರು. ಸುಶ್ರುತ ಬೈಯುತ್ತಾನೆ, ಕೂಗಾಡುತ್ತಾನೆ ಎಂದುಕೊಂಡಿದ್ದರು. ಅವನು ನಿರಾಳವಾಗಿ ಉಸಿರು ಬಿಟ್ಟ.

“ಒಳ್ಳೇದಾಯ್ತು ಸಾರ್. ನಾನೂ ಅದನ್ನೇ ಮಾತಾಡೋಕ್ ಬಂದೆ. ಆರುನೂರಕ್ಕೆ ಸೊನ್ನೆ ಫೇಲ್ ಅಂದ್ರೆ ಆಡಿಟರ್ ನಂಬಲ್ಲ. ಒಂದು ಮೂವತ್ತು ಫೇಲ್ ತೋರಿಸಿಬಿಡಿ.”

“ಯಾವ ಮೂವತ್ತು?”

“ಯಾವುದಾದ್ರೂ.”

“ಯಾವುದಾದ್ರೂ ಅಂದ್ರೆ? ಕೆಟ್ಟಿರೋದನ್ನ ಹುಡುಕ್ಬೇಕಲ್ವೇನಪ್ಪ?”

“ಅಷ್ಟು ಟೈಮ್ ಎಲ್ಲಿದೆ ಸಾರ್. ನಮ್ಮಲ್ಲೂ ಪ್ರತಿ ತಿಂಗಳು ನೂರಕ್ಕೆ ಐದೇ ಬರೆಯೋದು. ಸೊನ್ನೆ ಬರೆದ್ರೆ ಆಡಿಟರ್ ಒಪ್ಪಲ್ಲ, ಹತ್ತು ಬರೆದ್ರೆ ಬಾಸ್ ಒಪ್ಪಲ್ಲ. ಐದು ನ್ಯಾಚುರಲ್ ಆಗಿರುತ್ತೆ. ನೀವೇ ಅಲ್ವಾ ಹೇಳ್ಕೊಟ್ಟಿದ್ದು?”

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಗುರುವಿಗೆ ಸಲ್ಲಬೇಕಾದ ಗೌರವವನ್ನೇ ಅವನು ಸಲ್ಲಿಸುತ್ತಿದ್ದ. ಕಾಲೇಜಿನಲ್ಲಿ ಕಲಿತದ್ದು ಕೆಲಸಕ್ಕೆ ಬರುವುದಿಲ್ಲ ಎಂದು ಟೀವಿಯಲ್ಲಿ ಗೋಳಾಡುವವರು ಆವತ್ತು ಆ ಲ್ಯಾಬಿನಲ್ಲಿರಬೇಕಿತ್ತು. ವಿಭಾ ತೊಟ್ಟಿಯ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದಳು.

ಭೀಮೇಶ್ ಮೇಜಿನ ಖಾನೆಯಿಂದ ನಲವತ್ತು ಹಾಳೆಗಳನ್ನೂ ಹೊರಗೆ ತೆಗೆದರು. ಕೆಂಪು ಪೆನ್ನು ಹಿಡಿದು, ಒಂದೊಂದರ ಮೇಲೂ ಅಡ್ಡಲಾಗಿ ಎರಡು ಗೆರೆ ಎಳೆದು ‘ರದ್ದು, ಮತ್ತೆ ಅಳೆಯಬೇಕು’ ಎಂದು ಬರೆದು ಸಹಿ ಹಾಕುತ್ತ ಹೋದರು. ಸುಶ್ರುತ ಓಡಿಹೋಗಿ ಪ್ರಿನ್ಸಿಪಾಲರನ್ನು ಕರೆತರುವಷ್ಟರಲ್ಲಿ ಮೂವತ್ತೈದನೆಯ ಹಾಳೆ ನಡೆಯುತ್ತಿತ್ತು.

“ಭೀಮೇಶ್, ಏನ್ ಮಾಡ್ತಿದ್ದೀರಿ? ನಿಮ್ಮ ಆರ್ಡರ್ ನನ್ನ ಟೇಬಲ್ ಮೇಲಿದೆ. ಬರೀ ಒಂದು ಸೈನ್ ಬಾಕಿ.”

“ಗೊತ್ತು ಸಾರ್.”

“ಇಪ್ಪತ್ತು ಮಕ್ಕಳ ಕೆಲಸದ ಪ್ರಶ್ನೆ.”

“ಅವರ ಕೈಲೇ ಮತ್ತೆ ಅಳೆಸ್ತೀನಿ ಸಾರ್. ಈ ಸಲ ಕಾಯ್ತಾರೆ.”

ಉಳಿದ ಐದು ಹಾಳೆಯನ್ನೂ ಮುಗಿಸಿ ಪೆನ್ನಿನ ಮುಚ್ಚಳ ಹಾಕಿದರು. ಬೆರಳು ನೋಯುತ್ತಿತ್ತು. ವ್ಯಾನು ಖಾಲಿ ಹೋಯಿತು. ಇಪ್ಪತ್ತಮೂರು ವರ್ಷ ಕಾದ ಕಾಗದವನ್ನು ಒಂದು ಮುಕ್ಕಾಲು ಗಂಟೆಯಲ್ಲಿ ತಮ್ಮ ಕೈಯಾರೆ ಕಳೆದುಕೊಂಡೆ ಎಂದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಬಸ್ ಸ್ಟಾಪಿನಲ್ಲಿ ನಿಂತಾಗ ಕಣ್ಣು ತುಂಬಿಬಂತು. ಧೂಳು ಎಂದು ಒರೆಸಿಕೊಂಡರು.

ಇಂಥದ್ದೊಂದು ನಡೆದ ಮೇಲೆ ಒಡಂಬಡಿಕೆ ಮುರಿದುಬಿತ್ತು ಎಂದು ನೀವು ಭಾವಿಸಿದರೆ ನಿಮಗೆ ಲೋಕಾನುಭವ ಸಾಲದು. ಫೋಟೋ ಪತ್ರಿಕೆಯಲ್ಲಿ ಬಂದಾಗಿತ್ತಲ್ಲ, ಮುರಿಯುವುದು ಹೇಗೆ? ಎರಡೂ ಕಡೆಯವರು ಕೂತು, ಮಕ್ಕಳಿಗೆ ಪ್ರಾಮಾಣಿಕತೆಯ ತರಬೇತಿ ಬೇಕು ಎಂದು ಕಂಡುಕೊಂಡರು. ಎರಡು ದಿನದ ಶಿಬಿರ ಏರ್ಪಾಡಾಯಿತು. ಎರಡೂ ದಿನದ ಹಾಜರಿಗೆ ಮೊದಲನೇ ದಿನ ಬೆಳಿಗ್ಗೆಯೇ ಸಹಿ ಮಾಡಿಸಿಕೊಂಡರು. ಆರುನೂರು ಬೋರ್ಡುಗಳನ್ನು ಮತ್ತೆ ಅಳೆಯಲು ನಿಧಾನವಾಗಿ ಕೆಲಸ ಮಾಡುವವರು ಬೇಕಾದರು. ಕಂಪನಿಯವರು ವಿಭಾಳನ್ನು ಕರೆದು ಸೇರಿಸಿಕೊಂಡರು, ತಾತ್ಕಾಲಿಕವಾಗಿ. ಐವತ್ತೆರಡು ಬೋರ್ಡು ಕೆಟ್ಟಿದ್ದವು. ಅಷ್ಟನ್ನೂ ಅವಳು ಬೇರೆ ಇಡಿಸಿದಳು. ಭೀಮೇಶ್ ಅವರ ಆರ್ಡರನ್ನು ತಿರುಮಲೇಶ ಡ್ರಾಯರಿಗೆ ಹಾಕಿ, ಮುಂದೆ ನೋಡೋಣ ಎಂದರು. ಆ ಡ್ರಾಯರಿನ ಗುಣ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತು.

ಇಂದ್ರಾಣಿಗೆ ಮಾತ್ರ ಭೀಮೇಶ್ ಏನೂ ಹೇಳಿರಲಿಲ್ಲ. ಆಕೆ ವಾರಕ್ಕೊಮ್ಮೆ, “ಆರ್ಡರ್ ಬಂತಾ?” ಎಂದು ಕೇಳುವುದು, ಇವರು, “ಸೈನಿಗೆ ಹೋಗಿದೆ,” ಅನ್ನುವುದು. ಎರಡು ತಿಂಗಳು ಹೀಗೆ ತಳ್ಳಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಕಾಫಿ ಕುಡಿಯುತ್ತ, ಇನ್ನು ತಡೆಯಲಾರದೆ ಎಲ್ಲ ಹೇಳಿಬಿಟ್ಟರು. ರೀಡಿಂಗು ಕೂರಿಸಿದ್ದು, ರದ್ದು ಮಾಡಿದ್ದು, ಡ್ರಾಯರು, ಎಲ್ಲ.

“ನೀನೇ ಹೇಳಿದ್ದಲ್ಲ, ನೀರು ಚುಚ್ಚಿದ ಹಾಗೆ ಅಂತ. ಅದಾದ್ಮೇಲೆ ನನ್ನ ಕೈಲಿ ಆಗ್ಲಿಲ್ಲ ಇಂದ್ರಾ.”

ಬೈಗುಳ ತಿನ್ನಲು ಸಿದ್ಧವಾಗಿ ಕೂತರು. ಇಂದ್ರಾಣಿ ಬೈಯಲಿಲ್ಲ. ಲೋಟ ಕೆಳಗಿಟ್ಟು, ಗೋಡೆಯ ಮೇಲಿನ ಬುದ್ಧನ ಪಟದ ಕಡೆ ನೋಡಿದಳು, ಆಮೇಲೆ ತನ್ನ ಕೈ ನೋಡಿಕೊಂಡಳು.

“ರೀ, ನಮ್ಮ ಫ್ರಿಜ್‌ಗೆ ಒಂದು ಪುಸ್ತಕ ಇದೆ. ದಿನಾ ಬೆಳಿಗ್ಗೆ ಸಂಜೆ ಡಿಗ್ರಿ ನೋಡಿ ಬರೀಬೇಕು.”

“ಹೂಂ.”

“ಭಾನುವಾರ ಸೆಂಟರಿಗೆ ಬೀಗ. ಆದ್ರೆ ಪುಸ್ತಕದಲ್ಲಿ ಭಾನುವಾರದ ಮನೆನೂ ಇರುತ್ತೆ. ಖಾಲಿ ಬಿಟ್ರೆ ಮೇಲಿನೋರು ಕೇಳ್ತಾರೆ.” ಆಕೆ ತಡೆತಡೆದು ಮಾತಾಡಿದಳು. “ಸೋಮವಾರ ಹೋದ ತಕ್ಷಣ ನಾನೇ ಬರೀತೀನಿ. ನಾಲ್ಕು ಡಿಗ್ರಿ ಅಂತ. ಹನ್ನೊಂದು ವರ್ಷದಿಂದ.”

ಹೊರಗೆ ಹೂವಿನವಳು ಕೂಗಿಕೊಂಡು ಹೋದಳು.

ಇಂದ್ರಾಣಿ ಎದ್ದು ಸೀರೆ ಬದಲಿಸಿ ಬಂದಳು. ಮೊಳೆಯಿಂದ ಕೀಲಿಕೈ ತೆಗೆದುಕೊಂಡು ಬಾಗಿಲಲ್ಲಿ ನಿಂತಳು. ಎಲ್ಲಿಗೆ ಎಂದು ಭೀಮೇಶ್ ಕೇಳಲಿಲ್ಲ, ಚಪ್ಪಲಿ ಹಾಕಿಕೊಂಡರು. ಸೆಂಟರಿಗೆ ಹತ್ತು ನಿಮಿಷದ ದಾರಿ. ಆಕೆ ಬೀಗ ತೆಗೆದು, ಲೈಟು ಹಾಕಿ, ಫ್ರಿಜ್‌ನ ಮುಚ್ಚಳ ಎತ್ತಿದಳು. ಭೀಮೇಶ್ ಕನ್ನಡಕ ಏರಿಸಿ ಬಗ್ಗಿ, ಒಳಗಿದ್ದ ಥರ್ಮಾಮೀಟರನ್ನು ಒಮ್ಮೆ ನೋಡಿ, ಖಾತ್ರಿಗೆ ಇನ್ನೊಮ್ಮೆ ನೋಡಿದರು.

“ಎಷ್ಟು?” ಅಂದಳು ಇಂದ್ರಾಣಿ.

“ಆರೂ ಮುಕ್ಕಾಲು. ಎಂಟು ದಾಟಿಲ್ಲ.”

ಅವಳು ಗೋಡೆಗೆ ಒರಗಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಪುಸ್ತಕ ತೆಗೆದು, ನಾಲ್ಕುಗಳ ಉದ್ದ ಸಾಲಿನ ಕೆಳಗೆ, ಭಾನುವಾರದ ಮನೆಯಲ್ಲಿ, ಆರೂ ಮುಕ್ಕಾಲು ಎಂದು ಬರೆದಳು.